ಮೆಟ್ಟಿಲಮ್ಮನ ಬಸಿರು

ನಮ್ಮ ಅತ್ತೆಯ ಎದುರು ಯಾರೂ ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಲ್ಲಬಾರದು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಯುಗಾದಿಯ ದಿನ ಒಬ್ಬಟ್ಟು ತಿಂದು ತೇಗುತ್ತ ಸೋಫಾದಿಂದ ಎದ್ದ ನನ್ನನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿ, "ಐದು ತಿಂಗಳು. ಬೆಳವಣಿಗೆ ಚೆನ್ನಾಗಿದೆ. ಇನ್ನು ಒಬ್ಬಟ್ಟು ನಿಲ್ಲಿಸು" ಎಂದಿದ್ದರು. ಬಂದ ನೆಂಟರೆಲ್ಲ ನಕ್ಕರು. ನಾನು ಮಾತ್ರ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನೋಡಿಕೊಂಡೆ. ಹೇಳಲಾಗದು, ಅವರ ಲೆಕ್ಕ ತಪ್ಪಿದ್ದೇ ಇಲ್ಲ!

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ತಂಗಿ. ಹೆರಿಗೆ ಡಾಕ್ಟರು. ಅರ್ಧ ಆಯುಷ್ಯ ಮೈಸೂರಿನಲ್ಲಿ, ಇನ್ನರ್ಧ ಮೆಲ್ಬರ್ನಿನಿಂದಾಚೆಯ ಸಣ್ಣ ಊರೊಂದರಲ್ಲಿ ಕಂಡವರ ಮಕ್ಕಳನ್ನೆಲ್ಲ ಹೊರಗೆ ತೆಗೆದು, ಈಗ ಮೆಲ್ಬರ್ನಿನದೇ ಡಾಕ್‌ಲ್ಯಾಂಡ್ಸ್‌ನ ಫ್ಲ್ಯಾಟೊಂದರಲ್ಲಿ ನಿವೃತ್ತರಾಗಿ ಒಬ್ಬರೇ ಇದ್ದಾರೆ. ಮದುವೆಗೆ ಪುರುಸೊತ್ತಾಗಲಿಲ್ಲ. ಹುಡುಗನ ಕಡೆಯವರು ನೋಡಲು ಬಂದಾಗಲೆಲ್ಲ ಊರಿನಲ್ಲಿ ಯಾರಿಗಾದರೂ ನೋವು ಕಾಣಿಸಿಕೊಳ್ಳುತ್ತಿತ್ತಂತೆ. ಉಪ್ಪಿಟ್ಟಿನ ತಟ್ಟೆ ಹುಡುಗನ ಕೈಗೆ ಕೊಟ್ಟು ಇವರು ಆಸ್ಪತ್ರೆಗೆ ಓಡಿದರೆ, ಹುಡುಗ ಉಪ್ಪಿಟ್ಟು ಮುಗಿಸಿಕೊಂಡು ಊರಿಗೆ ಹೋಗುತ್ತಿದ್ದ.

ನನ್ನನ್ನು ಈ ಲೋಕಕ್ಕೆ ಎಳೆದು ತಂದವರೂ ಅವರೇ. ಆಗ ಅವರು ಹೊಸದಾಗಿ ಡಾಕ್ಟರಾಗಿದ್ದರು. ಆ ಕತೆಯನ್ನು ನನ್ನ ಮದುವೆಯ ದಿನ ಬೀಗರ ಮುಂದೆಯೇ ಹೇಳಿದರು: "ಎಲ್ಲಾ ಮಕ್ಕಳೂ ಅಳ್ತಾ ಹುಟ್ತಾವೆ. ಇವನು ಮಾತ್ರ ಹುಬ್ಬು ಗಂಟಿಕ್ಕೊಂಡು ಸುತ್ತ ಒಂದು ಸಲ ನೋಡಿದ. ಇಲ್ಲಿ ಗಾಳಿ ಎಲ್ಲರಿಗೂ ಸಾಕಾಗತ್ತಾ ಅಂತ ಕೇಳೋ ಹಾಗಿತ್ತು ಮುಖ!"

ಸುಳ್ಳಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಬ್ಲ್ಯಾಕ್‌ಟೌನಿನ ಮನೆಗೆ ಅರ್ಧ ದಿನ ರಜೆ ಹಾಕಿ ಓಡಿದವನು ನಾನು. ನಮ್ಮ ಮನೆಯಲ್ಲಿರುವುದು ಕರೆಂಟಿನ ಒಲೆ!

ಇಂಥ ನನಗೆ ಅತ್ತೆಯ ಜತೆ ಟ್ರಾಮಿನಲ್ಲಿ ಹೋಗುವುದೆಂದರೆ ಸಿಂಹದ ಜತೆ ಸಂತೆಗೆ ಹೋದ ಹಾಗೆ. ಒಮ್ಮೆ ಡಾಕ್‌ಲ್ಯಾಂಡ್ಸ್ ಟ್ರಾಮಿನಲ್ಲಿ ಒಬ್ಬ ಯುವಕನ ಭುಜ ತಟ್ಟಿ, ಎದುರು ನಿಂತಿದ್ದ ಹೆಂಗಸಿಗೆ ಜಾಗ ಬಿಡುವಂತೆ ಅಪ್ಪಣೆ ಮಾಡಿದರು. "ಗರ್ಭಿಣಿ ನಿಂತಿದಾಳೆ, ಕಣ್ಣು ಕಾಣಲ್ವಾ?" ಎಂದು ಅಚ್ಚ ಇಂಗ್ಲಿಷಿನಲ್ಲಿ. ಆ ಹೆಂಗಸು ಕೆಂಡಾಮಂಡಲವಾಗಿ ತಾನು ಗರ್ಭಿಣಿಯಲ್ಲವೆಂದಳು. ಅತ್ತೆ ಅಷ್ಟೇ ಶಾಂತವಾಗಿ, "ಇರಲಿ, ಕೂತ್ಕೋ. ನಿನಗೆ ಮುಂದಿನ ವಾರ ಗೊತ್ತಾಗತ್ತೆ" ಎಂದರು. ನಾನು ಕಿಟಕಿಯಾಚೆ ಎಂದೂ ನೋಡದವನಂತೆ ಬಂದರಿನ ನೀರನ್ನು ನೋಡಿದೆ. ಹೆಂಗಸು ಮುಂದಿನ ಸ್ಟಾಪಿನಲ್ಲೇ ಧಡಧಡನೆ ಇಳಿದುಹೋದಳು. ಎಲ್ಲಿಗೆ ಅಂತೀರಿ? ಎದುರಿಗಿದ್ದ ಔಷಧಿ ಅಂಗಡಿಗೆ!

ನಿವೃತ್ತಿಯ ಮೇಲೆ ಅತ್ತೆಗೆ ಮನುಷ್ಯರ ಬಸಿರು ಸಾಲದೆ ಬಂತು. ಮೆಲ್ಬರ್ನಿನ ಹತ್ತಿರದ ಫಿಲಿಪ್ ಐಲ್ಯಾಂಡಿಗೆ ಎಲ್ಲರೂ ಹೋಗುವುದು ಸಂಜೆ ಸಾಲಾಗಿ ಬರುವ ಪೆಂಗ್ವಿನ್ ನೋಡಲು. ಅತ್ತೆ ಹೋದವರು ದೋಣಿ ಹತ್ತಿ, ಬಂಡೆಗಳ ಮೇಲೆ ಒಣಹಾಕಿದ ಕಂಬಳಿಗಳಂತೆ ಬಿದ್ದಿದ್ದ ಸೀಲ್‌ಗಳನ್ನು ನೋಡಿ ಅಲ್ಲೇ ಮನಸ್ಸು ಕಳೆದುಕೊಂಡರು. ದೋಣಿಯ ಗೈಡನನ್ನು ಹಿಡಿದು ಕೇಳಿದ್ದೇ ಕೇಳಿದ್ದು. ನೋವು ಎಷ್ಟು ಹೊತ್ತು? ಮಾಸು ಬೀಳೋದು ಹೇಗೆ? ಮಗು ಕಾಲು ಮುಂದಾಗಿ ಬಂದರೆ? ಸೀಲ್ ಮರಿ ತಲೆ ಮೊದಲಾದರೂ ಸರಿ, ಹಿಂಭಾಗ ಮೊದಲಾದರೂ ಸರಿ, ಸೋಪಿನ ಹಾಗೆ ಜಾರಿ ಹೊರಗೆ ಬರುತ್ತದೆಂದು ಗೈಡ್ ಹೇಳಿದಾಗ ಅತ್ತೆಗೆ ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರೇ ಬಂತು. "ಕಾಲು ಮುಂದಾದ ಒಂದೊಂದು ಕೇಸಿಗೂ ನನ್ನ ಒಂದೊಂದು ವರ್ಷ ಆಯುಸ್ಸು ಹೋಗಿದೆ ಕಣೋ. ಇವಕ್ಕೆ ನೋಡು, ಬಂಡೆ ಮೇಲೆ ಮಲಗಿದ್ದ ಹಾಗೇ ಹೆರಿಗೆ!"

ಅಂದಿನಿಂದ ಮನೆಗೆ ಬಂದವರಿಗೆಲ್ಲ ಕಾಫಿಯ ಜತೆ ಸೀಲ್ ಶಾಸ್ತ್ರ. ಗಂಡಿನ ಸಂಗವಾದ ಮೇಲೆ ಹೆಣ್ಣು ಸೀಲಿನ ಗರ್ಭ ಕೂಡಲೇ ಬೆಳೆಯುವುದಿಲ್ಲವಂತೆ. ಪಿಂಡ ಕೆಲವು ತಿಂಗಳು ಎಲ್ಲೂ ಅಂಟಿಕೊಳ್ಳದೆ ಸುಮ್ಮನೆ ಕಾಯುತ್ತದಂತೆ. "ಪರ್ಮನೆಂಟ್ ವೀಸಾ ಬರೋ ತನಕ ನೀನು ಮನೆ ತಗೊಳ್ದೆ ಕಾದೆಯಲ್ಲ, ಹಾಗೆ!" ಎಂದು ನನ್ನನ್ನೇ ಉದಾಹರಣೆ ಮಾಡಿದರು. ಸೀಲಿನ ಪಿಂಡವೆನಿಸಿಕೊಂಡ ಕನ್ನಡಿಗ ನಾನೊಬ್ಬನೇ ಇರಬೇಕು.

ಇಷ್ಟರಲ್ಲಿ ನನ್ನ ಮಗಳು ಬಸುರಿಯಾದಳು. ಅವಳೂ ಅವಳ ಗಂಡನೂ ಇರುವುದು ಅತ್ತೆಯ ಫ್ಲ್ಯಾಟಿನಿಂದ ಎರಡು ಕಟ್ಟಡದಾಚೆ. ಸ್ಕ್ಯಾನ್ ಆಗುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತು, "ಒಂದಲ್ಲ, ಎರಡು" ಅಂದಿದ್ದರು. ಮಗಳು "ಅಜ್ಜಿ, ಪ್ಲೀಸ್! ಡೋಂಟ್ ಸ್ಕೇರ್ ಮಿ" ಅಂದಿದ್ದಳು. ಸ್ಕ್ಯಾನಿನಲ್ಲಿ ಎರಡೇ ಬಂತು.

ನನಗೆ ಮೊದಲು ನೆನಪಾದದ್ದು ಬಾಳೆಹಣ್ಣು. ಮಗಳಿಗೆ ಏಳೋ ಎಂಟೋ ವರ್ಷವಿದ್ದಾಗ ಜೋಡಿ ಬಾಳೆಹಣ್ಣನ್ನು ಬಿಡಿಸದೆ ಹಾಗೇ ಅವಳ ಕೈಗೆ ಕೊಟ್ಟವನು ನಾನು! "ಹೆಣ್ಣುಮಕ್ಕಳು ಅವಳಿ ಹಣ್ಣು ತಿನ್ನಬಾರದು" ಎಂದು ಅಮ್ಮ ಬೊಬ್ಬೆ ಹಾಕಿದ್ದರೂ ಕೇಳಿರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ, "ಹೌದ್ರೀ, ಬಾಳೆಹಣ್ಣಿಂದಲೇ ಆಗಿದ್ದು. ಅಳಿಯಂದು ಏನೂ ಪಾತ್ರ ಇಲ್ಲ" ಅಂದಳು.

ಜೂನಿನಲ್ಲಿ, ಇಲ್ಲಿಯ ಚಳಿಗಾಲದ ಆರಂಭದ ಸ್ಕ್ಯಾನಿನಲ್ಲಿ ನಗು ನಿಂತಿತು. ಎರಡರಲ್ಲಿ ಒಂದು ಮಗು ಚಿಕ್ಕದಾಗಿದೆ, ಕಣ್ಣಿಟ್ಟಿರೋಣ ಎಂದರಂತೆ ಡಾಕ್ಟರು. 'ಕಣ್ಣಿಟ್ಟಿರೋಣ' ಎಂಬ ಮಾತು ನನ್ನಂಥವನಿಗೆ ಹೇಳುವಂಥದೇ? ನಾನು ಕಣ್ಣು ಮುಚ್ಚುವುದನ್ನೇ ಬಿಟ್ಟೆ. ಮನುಷ್ಯರ ಅವಳಿಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಓದಿ ಮುಗಿಸಿದ ಮೇಲೆ, ಅತ್ತೆಯ ಸಹವಾಸದೋಷ ನೋಡಿ, ಸೀಲ್ ಮತ್ತು ಸೀ ಲಯನ್‌ಗಳ ಅವಳಿಗಳ ಬಗ್ಗೆ ಓದಲು ಶುರುಮಾಡಿದೆ. ಅಲ್ಲಿ ಕಂಡದ್ದು ಇಷ್ಟು: ಅವುಗಳಲ್ಲಿ ಒಂದು ಬಸಿರಿಗೆ ಒಂದೇ ಮರಿ, ಅವಳಿ ತೀರಾ ಅಪರೂಪ. ಎರಡು ಹುಟ್ಟಿದರೂ ತಾಯಿಯ ಹಾಲು ಎರಡಕ್ಕೆ ಸಾಲುವುದು ಕಷ್ಟ, ಎರಡೂ ಬದುಕಿ ಬೆಳೆಯುವುದು ಇನ್ನೂ ಕಷ್ಟ.

ಕೂಡಲೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಸೀಲ್‌ಗಳಲ್ಲಿ ಅವಳಿ ಎರಡೂ ಬದುಕೋದೇ ಅಪರೂಪವಂತೆ!"

"ನಿನ್ನ ಮಗಳು ಮೀನು ತಿಂತಾಳೇನೋ?"

"ಇಲ್ಲ ಅತ್ತೆ..."

"ಮೀಸೆ ಇದೆಯಾ?"

"ಛೆ, ಇಲ್ಲ!"

"ಹಾಗಾದ್ರೆ ಅವಳು ಸೀಲ್ ಅಲ್ಲ. ಫೋನ್ ಇಡು."

ಇಟ್ಟೆ. ಮರುದಿನ ಮತ್ತೆ ಮಾಡಿದೆ. ಅದರ ಮರುದಿನವೂ. ನಡುವೆ ದಿನಾ ಮಗಳಿಗೂ ಮಾಡಿ ಓದಿದ್ದನ್ನೆಲ್ಲ ಹೇಳುತ್ತಿದ್ದೆ. ಕೊನೆಗೆ ಒಂದು ದಿನ ಅತ್ತೆ ಕೇಳಿದರು: "ನಿಮ್ಮೂರಲ್ಲಿ ಒಪೆರಾ ಹೌಸ್ ಹಿಂದಿನ ಮೆಟ್ಟಿಲ ಮೇಲೆ ಒಂದು ಸೀಲ್ ಬಂದು ಮಲಗತ್ತಂತಲ್ಲ? ಭಾನುವಾರ ಹೋಗಿ ನನಗೆ ವಿಡಿಯೋದಲ್ಲಿ ತೋರಿಸು."

ಹೋದೆ. ನೀರಿಗೆ ಇಳಿಯುವ ಮೆಟ್ಟಿಲುಗಳ ಮೇಲೆ, ಮಧ್ಯಾಹ್ನದ ಊಟವಾದ ಯಜಮಾನನಂತೆ, ಒಂದು ಕಂದು ಬಣ್ಣದ ಮಹಾಕಾಯ ಬಿಸಿಲಿಗೆ ಮೈಕೊಟ್ಟು ಬಿದ್ದಿತ್ತು. ಕಟಕಟೆಯ ಈಚೆ ನಿಂತು ಫೋನ್ ಹಿಡಿದೆ. ಅತ್ತೆ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಬಸುರಿ," ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಅವಳಿ" ಎಂದರು.

ಜಗತ್ತಿನಲ್ಲೇ ಅಪರೂಪದ ಬಸುರಿ ನನ್ನ ಕಣ್ಣೆದುರೇ ಗೊರಕೆ ಹೊಡೆಯುತ್ತಿದ್ದಾಳೆ!

"ಈಗ ಏನ್ ಮಾಡೋದು ಅತ್ತೆ?"

"ಪ್ರತಿ ಭಾನುವಾರ ಬಂದು ನೋಡಬೇಕು. ಉಸಿರಾಟ ಹೇಗಿದೆ, ಮಗ್ಗುಲು ಬದಲಾಯಿಸ್ತಾಳಾ, ನೀರಿಗೆ ಇಳೀತಾಳಾ, ಎಲ್ಲಾ ನನಗೆ ಹೇಳಬೇಕು. ನಿನ್ನ ಕೈಲಾಗತ್ತಾ?"

ಕೈಲಾಗುತ್ತದೆಯೇ? ಹುಟ್ಟಿದಂದಿನಿಂದ ಇದೊಂದೇ ಕೆಲಸಕ್ಕೆ ತಯಾರಿ ನಡೆಸಿದವನಲ್ಲವೇ ನಾನು!

ಅತ್ತೆಯೇ ಅವಳಿಗೆ ಹೆಸರಿಟ್ಟರು, ಮೆಟ್ಟಿಲಮ್ಮ. ಚಳಿಗಾಲದ ಪ್ರತಿ ಭಾನುವಾರವೂ ಬ್ಲ್ಯಾಕ್‌ಟೌನಿನಿಂದ ರೈಲು ಹಿಡಿದು ಸರ್ಕ್ಯುಲರ್ ಕೀ ಸ್ಟೇಷನ್ನಿನಲ್ಲಿ ಇಳಿದು, ಗಾಳಿಗೆ ಮೂಗು ಸುರಿಸುತ್ತ ನಿಂತು ವರದಿ ಒಪ್ಪಿಸುವುದು ನನ್ನ ವ್ರತವಾಯಿತು. ಮೆಟ್ಟಿಲಮ್ಮ ಕೆಮ್ಮಿದರೆ ನನಗೆ ನೆಗಡಿ. ಅವಳು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ನನ್ನ ಭುಜ ಜೋಮು. ಆಫೀಸಿನ ಮೀಟಿಂಗಿನಲ್ಲಿ ನಾನು ಮುಖ ಸಣ್ಣದು ಮಾಡಿಕೊಂಡು ಕೂತಿದ್ದನ್ನು ನೋಡಿ ಮ್ಯಾನೇಜರು, ಮಗಳ ಚಿಂತೆಯೇ ಎಂದು ಕೇಳಿದಳು. "ಇಲ್ಲ, ಸೀಲಿಗೆ ಊಟ ಸೇರುತ್ತಿಲ್ಲ" ಎಂದೆ. ಆಕೆ ನನಗೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಲು ಹೇಳಿದಳು.

ಜುಲೈಯ ಒಂದು ಭಾನುವಾರ ಬೆಳಿಗ್ಗೆ ಮೆಟ್ಟಿಲು ಖಾಲಿ. ಫೋನ್ ಮಾಡಿದೆ.

"ಅತ್ತೆ, ಕಾಣ್ತಿಲ್ಲ."

ಆ ಕಡೆಯಿಂದ ಮಾತಿಲ್ಲ. ಸದಾ ನನ್ನ ಮಾತು ಮುಗಿಯುವ ಮೊದಲೇ ಬಯ್ಯುವವರು! ಲೈನ್ ಕಟ್ಟಾಯಿತೇನೋ ಎಂದು ನಾನು ಫೋನನ್ನೇ ಅಲ್ಲಾಡಿಸಿ ನೋಡಿದೆ.

"ಸರಿಯಾಗಿ ನೋಡಿದೆಯೇನೋ?" ಧ್ವನಿ ಸಣ್ಣಗಿತ್ತು.

"ನೋಡ್ದೆ ಅತ್ತೆ. ಇಲ್ಲ."

"ಮನೆಗೆ ಹೋಗ್ಬೇಡ. ಅಲ್ಲೇ ಇರು. ಬರತ್ತೆ."

ಊಟ ಬಿಟ್ಟು ಕಾದೆ. ವನ್ಯಜೀವಿ ಸಹಾಯವಾಣಿಗೂ ಕರೆ ಮಾಡಿ, ಬಸುರಿ ಸೀಲೊಂದು ಕಾಣೆಯಾಗಿದೆ ಎಂದು ದೂರು ಕೊಟ್ಟೆ. ಸೀಲ್‌ಗಳು ಹಾಗೆ ಸಮುದ್ರಕ್ಕೆ ಹೋಗುವುದುಂಟು ಎಂದು ಆ ಹುಡುಗಿ ಬಹಳ ಮೃದುವಾಗಿ ತಿಳಿಸಿಹೇಳಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರಿನಲ್ಲಿ ಒಂದು ಬೋಳುತಲೆ ಕಾಣಿಸಿತು. ಮೆಟ್ಟಿಲಮ್ಮ ಏದುಸಿರು ಬಿಡುತ್ತ ಮೇಲೆ ಹತ್ತಿ ದೊಪ್ಪನೆ ಬಿದ್ದುಕೊಂಡಳು.

"ಬಂದ್ಲು ಅತ್ತೆ! ಚೆನ್ನಾಗಿದಾಳೆ. ಆರಾಮಾಗಿ ಮಲಗಿದಾಳೆ!"

ಅತ್ತೆ ಉಸಿರು ಬಿಟ್ಟದ್ದು ಮೆಲ್ಬರ್ನಿನಿಂದ ಸಿಡ್ನಿಗೆ ಫೋನಿಲ್ಲದೆಯೂ ಕೇಳಿಸುವಂತಿತ್ತು. ಆಮೇಲೆ ಮಾಮೂಲಿ ಗತ್ತಿನಲ್ಲಿ ಹೇಳಿದರು: "ನಿನ್ನ ಮಗಳನ್ನ ನಿನ್ನೆ ಸಂಜೆ ಆಸ್ಪತ್ರೆಗೆ ಸೇರಿಸಿದ್ದರು. ಚಿಕ್ಕದರ ಎದೆಬಡಿತ ನೋಡೋಕೆ. ಈಗ ಎಲ್ಲಾ ಸರಿಯಿದೆ, ಮನೆಗೆ ಕಳಿಸಿದಾರೆ. ಹೆದರಬೇಡ." ಹೆದರಲು ನನ್ನಲ್ಲಿ ಏನು ಉಳಿದಿತ್ತು? ಇದ್ದ ಹೆದರಿಕೆಯನ್ನೆಲ್ಲ ಬೆಳಿಗ್ಗೆಯಿಂದ ಮೆಟ್ಟಿಲಿನ ಮೇಲೆ ಖರ್ಚು ಮಾಡಿಯಾಗಿತ್ತು!

ಏಳನೆಯ ತಿಂಗಳಿಗೆ ಮಗಳ ಸೀಮಂತ ಮೆಲ್ಬರ್ನಿನಲ್ಲಿ ಚೆನ್ನಾಗಿಯೇ ನಡೆಯಿತು. ಊಟದ ಪಂಕ್ತಿಯಲ್ಲಿ ಅತ್ತೆ ನನ್ನ ಕಿವಿಯಲ್ಲಿ, "ಮನೆ ಹುಡುಗಿಗೆ ಮಾಡಿ ಆ ಹುಡುಗಿಗೆ ಮಾಡದಿದ್ರೆ ದೃಷ್ಟಿಯಾಗತ್ತೆ. ಮುಂದಿನ ಭಾನುವಾರ ಅವಳಿಗೂ ಮಡಿಲು ತುಂಬಿಸು" ಎಂದರು.

"ಅತ್ತೆ, ಸೀಲಿಗೆ ಮಡಿಲು ಎಲ್ಲಿ?"

"ದೂರದಿಂದ ತೋರಿಸಿದ್ರೆ ಸಾಕು. ಮೀನು ಗೀನು ಎಸೀಬೇಡ, ಕಾನೂನಿಗೆ ವಿರುದ್ಧ. ಹಸಿರು ಬಳೆ ಮರೀಬೇಡ."

ಹೀಗಾಗಿ, ಪ್ರಪಂಚದ ಪ್ರವಾಸಿಗಳೆಲ್ಲ ಸೇರುವ ಆ ಜಾಗದಲ್ಲಿ, ಆಗಸ್ಟಿನ ಚಳಿಯಲ್ಲಿ, ನಾನು ಒಂದು ಸ್ಟೀಲ್ ತಟ್ಟೆ ಹಿಡಿದು ನಿಂತೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ, ರವಿಕೆ ಕಣ, ಬಳೆ. ಬಳೆಯ ಅಳತೆ ಯಾವುದು ತರುವುದೆಂದು ಅಂಗಡಿಯಲ್ಲಿ ನಾನು ಪಟ್ಟ ಪಾಡು ಬೇರೆ! ಪಕ್ಕದಲ್ಲಿ ಹೆಂಡತಿ, ತನಗೂ ನನಗೂ ಪರಿಚಯವೇ ಇಲ್ಲವೆಂಬಂತೆ ಎದುರಿನ ಸೇತುವೆಯನ್ನು ನೋಡುತ್ತಿದ್ದಳು. ನಾನು ತಟ್ಟೆಯನ್ನು ಮೆಟ್ಟಿಲಮ್ಮನ ದಿಕ್ಕಿಗೆ ಮೂರು ಸುತ್ತು ಎತ್ತಿದೆ. ಇಬ್ಬರು ಪ್ರವಾಸಿಗಳು ಫೋಟೋ ತೆಗೆದುಕೊಂಡರು. ಇನ್ನೊಬ್ಬರು ತಟ್ಟೆಗೆ ಒಂದು ಡಾಲರ್ ಹಾಕಿದರು.

ಆಗ ಹಳದಿ ಜಾಕೆಟ್ ತೊಟ್ಟ ಒಬ್ಬ ಮುದುಕ, ಜನ ಹತ್ತಿರ ಹೋಗದಂತೆ ನೋಡಿಕೊಳ್ಳುವ ಸ್ವಯಂಸೇವಕನಿರಬೇಕು, ನಗುತ್ತ ಬಂದ. ತಟ್ಟೆಯನ್ನೊಮ್ಮೆ, ಸೀಲನ್ನೊಮ್ಮೆ ನೋಡಿದ.

"ಬಿಗ್ ಬಾಯ್, ಈಸಂಟ್ ಹೀ?"

"ಹೀ?" ಎಂದೆ.

"ಆ ಕತ್ತು ನೋಡಿ! ಅಪ್ಪಟ ಗಂಡು. ಹೋದ ಚಳಿಗಾಲದಲ್ಲೂ ಬಂದಿದ್ದ. ಮಹಾ ಸೋಮಾರಿ."

ಹೆಂಡತಿ ಸೇತುವೆ ನೋಡುವುದನ್ನು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಾಳೆಂದುಕೊಂಡು ಸ್ವಯಂಸೇವಕ ಗಾಬರಿಯಾದ. ಅವಳಿಗೆ ಮಾತು ಬರಲು ಬಹಳ ಹೊತ್ತು ಹಿಡಿಯಿತು. "ರೀ... ಗಂಡಸಿಗೆ ಸೀಮಂತ ಮಾಡಿದ ಪುಣ್ಯ... ಯಾರಿಗೂ ಸಿಕ್ಕಿರಲ್ಲ ರೀ..." ಮೆಟ್ಟಿಲಮ್ಮ, ಅಲ್ಲ ಮೆಟ್ಟಿಲಪ್ಪ, ಒಂದು ಕಣ್ಣು ತೆರೆದು ಬಳೆಗಳನ್ನು ನೋಡಿ ಮತ್ತೆ ಮಲಗಿದ.

ನನಗೆ ಮಾತ್ರ ನಗು ಬರಲಿಲ್ಲ. ಒಂದು ಕಡೆ ನಿರಾಳ, ಅಪಾಯದಲ್ಲಿದ್ದ ಎರಡು ಮರಿಗಳು ಇಲ್ಲವೇ ಇಲ್ಲ! ಇನ್ನೊಂದು ಕಡೆ ಹೊಸ ಚಿಂತೆ. ಆಯುಷ್ಯವಿಡೀ ತಪ್ಪದ ಅತ್ತೆಯ ಲೆಕ್ಕ ಈ ವಯಸ್ಸಿನಲ್ಲಿ ತಪ್ಪಿದೆ ಎಂದು ಅವರಿಗೆ ಹೇಳುವುದು ಹೇಗೆ? ಹೇಳಿದರೆ, ಚಿಕ್ಕ ಮಗು ಉಳಿಯುತ್ತದೆ ಎಂದು ಅವರು ಮಗಳಿಗೆ ದಿನಾ ಕೊಡುತ್ತಿರುವ ಧೈರ್ಯಕ್ಕೆ ಏನು ಬೆಲೆ? ಹೆಂಡತಿಯಿಂದ ಆಣೆ ಹಾಕಿಸಿಕೊಂಡೆ. ಸಂಜೆ ಫೋನಿನಲ್ಲಿ, "ಬಳೆ ತುಂಬಾ ಒಪ್ಪಿತ್ತು ಅತ್ತೆ, ತಾವು ಇರಬೇಕಿತ್ತು" ಎಂದೆ. ಆಮೇಲೂ ಪ್ರತಿ ಭಾನುವಾರ ಹೋಗಿ ಆ ಗಂಡಸಿನ ಬಸಿರಿನ ವರದಿ ಒಪ್ಪಿಸಿದೆ. "ಚೆನ್ನಾಗಿದಾಳೆ ಅತ್ತೆ. ಆರಾಮಾಗಿ ಮಲಗಿದಾಳೆ."

ವಸಂತ ಬಂದು, ದಿನ ತುಂಬಲು ಸ್ವಲ್ಪ ಇರುವಂತೆಯೇ ಮಗಳಿಗೆ ಹೆರಿಗೆಯಾಯಿತು. ಒಂದು ಗಂಡು, ಒಂದು ಹೆಣ್ಣು. ಚಿಕ್ಕದು ಹೆಣ್ಣು. ಕೆಲವು ದಿನ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅದು ಅತ್ತು, ಹಾಲು ಕುಡಿದು, ತೂಕ ಏರಿಸಿಕೊಂಡು, ಅಣ್ಣನ ಜತೆಯಲ್ಲೇ ಮನೆಗೆ ಬಂದಿತು. ನಾನು ವಿಮಾನದಿಂದಿಳಿದು ಡಾಕ್‌ಲ್ಯಾಂಡ್ಸ್‌ಗೆ ಹೋದಾಗ ಮಧ್ಯಾಹ್ನ. ಮಗಳು ಒಳಗೆ ನಿದ್ದೆ ಮಾಡುತ್ತಿದ್ದಳು. ಗಂಡು ತೊಟ್ಟಿಲಿನಲ್ಲಿ, ಹೆಣ್ಣು ಅತ್ತೆಯ ಮಡಿಲಿನಲ್ಲಿ. ಅದು ಒಂದು ಕಣ್ಣು ತೆರೆದು, ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿತು.

"ನೋಡು, ನಿನ್ನ ಮುಖವೇ. ಪಾಪ," ಎಂದರು ಅತ್ತೆ.

ಎಲ್ಲ ಸುಖವಾಗಿ ಮುಗಿಯಿತಲ್ಲ, ಇನ್ನು ಹೇಳಿಬಿಡೋಣ ಎನಿಸಿತು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಮೆಟ್ಟಿಲಮ್ಮ... ಗಂಡು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ. ಹೆರಿಗೆ ಮಾಡಿಸಿಯೇ ಕೂದಲು ನರೆತಿದೆ ಕಣೋ, ಗಂಡು ಯಾವುದು ಹೆಣ್ಣು ಯಾವುದು ಅಂತ ತಿಳಿಯಲ್ವಾ? ನಿನಗೂ ಗೊತ್ತಾಗಿದೆ ಅಂತ ಬಳೆ ತೋರಿಸಿದ ದಿನವೇ ತಿಳೀತು. 'ತಾವು' ಅಂದೆಯಲ್ಲ ಅವತ್ತು! ಸುಳ್ಳು ಹೇಳುವಾಗ ನೀನು ಬಹಳ ಮರ್ಯಾದೆ ಕೊಡ್ತೀಯ."

"ಮತ್ತೆ ಅವಳಿ ಬಸುರಿ ಅಂತ..."

"ದಿನಾ ಆ ಹುಡುಗಿಗೆ ಫೋನ್ ಮಾಡಿ ಅವಳ ಎದೆ ಒಡೀತಿದ್ದೆ ನೀನು. ಅಳೋ ಮಗುವಿಗೆ ಗಿಲಕಿ ಕೊಡಲ್ವಾ? ನಿನಗೆ ದೊಡ್ಡ ಗಿಲಕಿ ಬೇಕಿತ್ತು."

ಪೂರಾ ಒಂದು ಚಳಿಗಾಲ! ನನ್ನ ಭಾನುವಾರಗಳು, ನನ್ನ ನೆಗಡಿ, ನನ್ನ ಮಾನ! ಕೋಪ ಬರಬೇಕಿತ್ತು. ಆದರೆ ಲೆಕ್ಕದಲ್ಲಿ ಏನೋ ತಾಳೆಯಾಗಲಿಲ್ಲ.

"ಆದ್ರೆ ಅತ್ತೆ, ನನಗೆ ಗೊತ್ತಾಗಿದೆ ಅಂತ ಗೊತ್ತಾದ ಮೇಲೂ ಯಾಕೆ ವಾರವಾರ ಕೇಳ್ತಿದ್ರಿ?"

ಅತ್ತೆ ಮಡಿಲಿನ ಮಗುವಿನ ಟೊಪ್ಪಿ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ಇವಳಮ್ಮನ ಸ್ಕ್ಯಾನೆಲ್ಲಾ ನಾನು ನೋಡ್ತಿದ್ದೆ ಕಣೋ. ನಿನಗೆ ಗೊತ್ತಿಲ್ಲದೆ ಹೆದರಿಕೆ. ನನಗೆ ಗೊತ್ತಿದ್ದು. ಇಂಥದ್ರಲ್ಲಿ ಏನೇನಾಗಬಹುದು ಅಂತ ಒಂದೊಂದೂ ಈ ಕೈಯಲ್ಲಿ ನೋಡಿದೀನಿ. ಎಲ್ಲರಿಗೂ 'ಚೆನ್ನಾಗಿದೆ, ಏನೂ ಆಗಲ್ಲ' ಅಂತ ಹೇಳ್ಕೊಂಡೇ ಮುದುಕಿಯಾದೆ. ನನಗೆ ಹಾಗೆ ಹೇಳೋವ್ರು ಯಾರಿದ್ರು? ವಾರಕ್ಕೊಂದು ಸಲ ನೀನು ಹೇಳ್ತಿದ್ದೆ. ಅವತ್ತು ರಾತ್ರಿ ಮಾತ್ರ ನಿದ್ದೆ ಬರ್ತಿತ್ತು."

ಆ ಜುಲೈ ಭಾನುವಾರದ ಮೌನ ಈಗ ನನಗೆ ಕೇಳಿಸಿತು.

ಚಿಂತೆ ಮಾಡುವವನು ನಮ್ಮ ವಂಶದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಮಗುವನ್ನು ನಿಧಾನವಾಗಿ ಅವರ ಮಡಿಲಿನಿಂದ ಎತ್ತಿಕೊಂಡೆ. ಹಕ್ಕಿಯಷ್ಟು ಹಗುರ, ಆದರೆ ಬೆಚ್ಚಗಿತ್ತು. ತೊಟ್ಟಿಲಿಗೂ ಒಮ್ಮೆ ಬಗ್ಗಿ ನೋಡಿದೆ.

"ಚೆನ್ನಾಗಿದಾವೆ ಅತ್ತೆ," ಎಂದೆ. "ಎರಡೂ ಆರಾಮಾಗಿ ಮಲಗಿದಾವೆ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಕಾಲು ಚಾಚಿ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಿಗೆ ಮೈಕೊಟ್ಟು ಕುರ್ಚಿಗೆ ಒರಗಿದರು. ನೋಡನೋಡುತ್ತಿದ್ದಂತೆ ಸಣ್ಣಗೆ ಗೊರಕೆ ಶುರುವಾಯಿತು. ನಾನು ಹಾಗೇ ಕೂತು, ನನ್ನ ಕೆಲಸ ನನಗೆ ಗೊತ್ತಲ್ಲ, ಮೂವರ ಉಸಿರಾಟವನ್ನೂ ನೋಡಿಕೊಂಡೆ.